ಸುಂಕದ ಕಟ್ಟೆಯಿಂದ ಉಪ್ಪಿನ ಮಡಕೆಗೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ತೆರಿಗೆಗೆ ಒಂದು ಮುಖವಿತ್ತು. ಊರ ಹೊರಗಿನ ದಾರಿಯಲ್ಲಿ ಒಂದು ಕಟ್ಟೆ, ಅದರ ಮೇಲೆ ಕುಳಿತ ಸುಂಕದವನು, ಅವನೆದುರು ಹೇರು ಹೊತ್ತು ನಿಂತ ಎತ್ತುಗಳು. ನಮ್ಮ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಹೆಸರುಗಳಿಂದ ಕಾಣಿಸಿಕೊಳ್ಳುವ ಆದಾಯಗಳಲ್ಲಿ ಬಹುಪಾಲು ಇಂತಹ ಕಟ್ಟೆಗಳಲ್ಲಿಯೂ ಸಂತೆಗಳಲ್ಲಿಯೂ ಕೂಡಿದ ಹಣವೇ. ಆದರೆ ಶಾಸನವನ್ನು ಓದುವವರಿಗೆ ಸುಂಕದ ಪರಿಚಯವಾಗುವುದು ಸಾಮಾನ್ಯವಾಗಿ ಅದು ಬಸದಿಗೋ ದೇಗುಲಕ್ಕೋ ದಾನವಾಗಿ ಸಂದ ಗಳಿಗೆಯಲ್ಲಿ. ಕೊಟ್ಟವನ ಹೆಸರು ಅಲ್ಲಿರುತ್ತದೆ, ಪಡೆದವರ ಹೆಸರೂ ಇರುತ್ತದೆ. ಆ ಹಣ ಯಾರ ಗಂಟಿನಿಂದ ಬಂದಿತು, ಅದು ಏರಿದಾಗ ಯಾರ ಮನೆಯಲ್ಲಿ ಯಾವ ಖರ್ಚು ನಿಂತಿತು ಎಂಬುದನ್ನು ಕಲ್ಲು ಹೇಳುವುದಿಲ್ಲ.

ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ನಾವು ಇನ್ನಷ್ಟು ಈಚಿನ ಕಾಲಕ್ಕೆ, ಸರ್ಕಾರವು ತನ್ನ ಆಯವ್ಯಯವನ್ನು ಅಚ್ಚು ಹಾಕಿಸಿ ಸಾರತೊಡಗಿದ ಕಾಲಕ್ಕೆ ಬರಬೇಕು. ಆಯವ್ಯಯದ ಒಂದು ಸಾಲು ಬದಲಾದಾಗ ಅಂಗಡಿಯವನಿಗೂ ಗೃಹಿಣಿಗೂ ಏನಾಗುತ್ತದೆ ಎಂಬುದನ್ನು ನೋಡಲು ಉಪ್ಪಿಗಿಂತ ಯೋಗ್ಯವಾದ ಪದಾರ್ಥ ಬೇರೊಂದಿಲ್ಲ. ರೇಷ್ಮೆಯ ಬೆಲೆ ಏರಿದರೆ ಕೊಳ್ಳದೆ ಇರಬಹುದು, ಬೆಲ್ಲದ ಬೆಲೆ ಏರಿದರೆ ಹಬ್ಬದ ಅಡುಗೆಯನ್ನು ಸರಳಗೊಳಿಸಬಹುದು. ಉಪ್ಪನ್ನು ಬಿಡಲಾಗದು. ಸಿರಿವಂತನು ಬಡವನಿಗಿಂತ ಹತ್ತು ಪಟ್ಟು ಉಪ್ಪು ತಿನ್ನುವುದೂ ಇಲ್ಲ.

ಉಪ್ಪಿನ ಮೇಲಿನ ಕರ ಆಂಗ್ಲರು ತಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಲವಣಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಹೊರನಾಡಿನಿಂದ ಬಂದ ಉಪ್ಪಿನಲ್ಲಿ ಆರನೆಯ ಒಂದು ಪಾಲು ಅರಸನಿಗೆ ಸಲ್ಲಬೇಕೆಂಬ ವಿಧಿಯೂ ಇದೆ. ಅದೇ ಪ್ರಕರಣದಲ್ಲಿ ಒಂದು ವಿನಾಯಿತಿಯೂ ಇದೆ: ಶ್ರೋತ್ರಿಯರು, ತಪಸ್ವಿಗಳು ಮತ್ತು ಬಿಟ್ಟಿಯ ಕೆಲಸದವರು ತಮ್ಮ ಊಟಕ್ಕೆ ಬೇಕಾದಷ್ಟು ಉಪ್ಪನ್ನು ಸುಂಕವಿಲ್ಲದೆ ಒಯ್ಯಬಹುದು. ಕಠೋರನೆಂದು ಹೆಸರಾದ ಆ ಗ್ರಂಥಕಾರನು ತಪಸ್ವಿಯನ್ನೂ ಬಿಟ್ಟಿಯಾಳನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಗಮನಾರ್ಹ. ಇಬ್ಬರ ಕೈಯಲ್ಲಿಯೂ ಕಾಸಿಲ್ಲ, ಇಬ್ಬರಿಗೂ ಉಪ್ಪು ಬೇಕು. ಎರಡು ಸಾವಿರ ವರ್ಷಗಳ ಬಳಿಕ ಕಲ್ಕತ್ತೆಯಲ್ಲಿ ಕುಳಿತು ಲೆಕ್ಕ ಹಾಕಿದವರಿಗೆ ಈ ವಿನಾಯಿತಿ ಹೊಳೆಯಲಿಲ್ಲ.

ಮೊದಲು ಆಂಗ್ಲರ ಪರವಾಗಿ ಹೇಳಬೇಕಾದ ಮಾತನ್ನು ಹೇಳಿಬಿಡೋಣ. ಹಳೆಯ ತೆರಿಗೆಗಳು ಸುಖದವಾಗಿರಲಿಲ್ಲ. 1831ರಲ್ಲಿ ಮೈಸೂರಿನ ಆಡಳಿತ ಕಮಿಷನರರ ಕೈಗೆ ಹೋದ ಮೇಲೆ, ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ, ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಎಂದು ರೈಸ್ ಅವರ ಗ್ಯಾಸೆಟಿಯರ್ ತಿಳಿಸುತ್ತದೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ಚೌಲ ಮಾಡಿಸಿದರೆ ತೆರಿಗೆ. ಒಂದು ಹಳ್ಳಿಯವರು ತಮ್ಮ ಹಿರಿಯರು ಎಂದೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳಿಂದ ದಂಡ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಜಾಗವನ್ನು ಕೈಗಳನ್ನು ಮೈಗೆ ಒತ್ತಿಕೊಳ್ಳದೆ ದಾಟಿದವನೂ ಹಣ ಕೊಡಬೇಕಿತ್ತಂತೆ. ಓದುವಾಗ ನಗು ಬರುತ್ತದೆ; ಕೊಟ್ಟವರಿಗೆ ಬಂದಿರಲಾರದು. ಇವೆಲ್ಲ ಹೋದದ್ದು ಒಳ್ಳೆಯದೇ ಆಯಿತು.

ದಾರಿಯ ಸುಂಕವೂ ಹಾಗೆಯೇ ಹೋಯಿತು. ಆಗ ಬಳ್ಳಾರಿಯೂ ಅವಿಭಕ್ತ ಕೆನರಾ ಜಿಲ್ಲೆಯೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಧಾರವಾಡ, ಬೆಳಗಾವಿಗಳು ಮುಂಬಯಿಗೆ. ಮದರಾಸಿನಲ್ಲಿ ‘ಸಾಯರ್’ ಎಂದು ಕರೆಯುತ್ತಿದ್ದ ಒಳನಾಡಿನ ಸಾಗಣೆ ಸುಂಕವನ್ನು 1844ರಲ್ಲಿ ತೆಗೆದುಹಾಕಲಾಯಿತು. ಅರಿವೆಯ ಮೂಟೆ, ಅಡಕೆಯ ಚೀಲ, ಮೆಣಸಿನ ಹೇರು ಇವುಗಳನ್ನು ಹೊತ್ತ ವರ್ತಕನು ಅಲ್ಲಲ್ಲಿ ನಿಂತು ಕೈ ಬಿಸಿ ಮಾಡಬೇಕಾದ ಕಾಟ ತಪ್ಪಿತು. ಗಾದೆಯ ಸುಂಕದವನು ಕಟ್ಟೆಯಿಂದ ಎದ್ದು ಹೋದನು.

ಎಲ್ಲಿಗೆ ಹೋದನು ಎಂಬುದೇ ನಮ್ಮ ವಿಷಯ. ಸಾಯರ್ ಹೋದುದರಿಂದ ಬೊಕ್ಕಸಕ್ಕಾದ ನಷ್ಟವನ್ನು ಯಾರಾದರೂ ತುಂಬಬೇಕಿತ್ತು. ಮದರಾಸಿನಲ್ಲಿ ಉಪ್ಪು 1805ರಿಂದಲೇ ಸರ್ಕಾರದ ಏಕಸ್ವಾಮ್ಯವಾಗಿತ್ತು. ಉಪ್ಪಿನಾಗರದವರು ಬೆಳೆದ ಉಪ್ಪನ್ನು ಸರ್ಕಾರವು ತಾನೇ ನಿಗದಿ ಮಾಡಿದ ಅಲ್ಪ ಬೆಲೆಗೆ ಕೊಂಡು, ತಾನೇ ನಿಗದಿ ಮಾಡಿದ ದೊಡ್ಡ ಬೆಲೆಗೆ ಉಗ್ರಾಣಗಳಿಂದ ಮಾರುತ್ತಿತ್ತು. 120 ಮಣದ ಒಂದು ಗರಸೆಗೆ ಆಗ ಇದ್ದ ಬೆಲೆ 105 ರೂಪಾಯಿ. ಸಾಯರ್ ರದ್ದಾದ ವರ್ಷವೇ ಅದನ್ನು 180ಕ್ಕೆ ಏರಿಸಲಾಯಿತು. ಇದು ಅತಿಯಾಯಿತೆಂದು ಲಂಡನ್ನಿನಿಂದಲೇ ಆಕ್ಷೇಪ ಬಂದು, 120ಕ್ಕೆ ಇಳಿಯಿತು. ಮುಂಬಯಿ ಪ್ರಾಂತದಲ್ಲಿಯೂ ಅದೇ ವರ್ಷ ಪಟ್ಟಣಗಳ ಸುಂಕವನ್ನು ಬಿಟ್ಟು, ಉಪ್ಪಿನ ಸುಂಕವನ್ನು ಮಣಕ್ಕೆ 8 ಆಣೆಯಿಂದ ಒಂದು ರೂಪಾಯಿಗೆ ಹೆಚ್ಚಿಸಿದರು. ಸೂರತ್ತಿನಲ್ಲಿ ಜನ ಬೀದಿಗಿಳಿದು ದೊಂಬಿಯಾದ ಮೇಲೆ ಅದು 12 ಆಣೆಗೆ ಬಂದಿತು.

ವರ್ತಕರಿಗೆ ಕೊಟ್ಟ ಬಿಡುಗಡೆಯ ಬೆಲೆಯನ್ನು ಅಡುಗೆಮನೆಯಿಂದ ವಸೂಲು ಮಾಡುವ ಈ ಕ್ರಮ ದುಷ್ಟಬುದ್ಧಿಯಿಂದ ಹುಟ್ಟಿದ್ದೆಂದು ನಾನು ಹೇಳಲಾರೆ. ಸಾವಿರ ಕಟ್ಟೆಗಳಲ್ಲಿ ಸಾವಿರ ಜನರನ್ನು ಇಟ್ಟು ಕೂಡಿಸುವ ಹಣವನ್ನು ಹತ್ತಾರು ಉಪ್ಪಿನಾಗರಗಳ ಬಾಗಿಲಲ್ಲಿ ಕೂಡಿಸಬಹುದಾದರೆ ಯಾವ ಆಡಳಿತಗಾರನಿಗೆ ಬೇಡ? ವ್ಯಾಪಾರ ಬೆಳೆದರೆ ನಾಡಿಗೇ ಲಾಭವೆಂಬ ವಾದವೂ ಸುಳ್ಳಲ್ಲ. ಆದರೆ ಕಟ್ಟೆಯ ಸುಂಕಕ್ಕೆ ಒಂದು ಗುಣವಿತ್ತು: ಸರಕು ಇದ್ದವನು ಮಾತ್ರ ಅದನ್ನು ಮೊದಲು ಕೊಡುತ್ತಿದ್ದನು. ಉಪ್ಪಿನ ಸುಂಕಕ್ಕೆ ಬಾಯಿ ಇದ್ದರೆ ಸಾಕು.

ಒಂದು ಸಣ್ಣ ಲೆಕ್ಕವನ್ನು ಇಲ್ಲಿಯೇ ಮಾಡಬಹುದು. ಸರ್ಕಾರಿ ಮಣವೆಂದರೆ 82 ಪೌಂಡಿಗಿಂತ ತುಸು ಹೆಚ್ಚು, ಇಂದಿನ 37 ಕಿಲೋ. ಐದು ಜನರ ಮನೆಗೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಣ ಉಪ್ಪು ಬೇಕೆಂದು ಇಟ್ಟುಕೊಳ್ಳೋಣ. ಸುಂಕವು ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಕಾಲದಲ್ಲಿ ಆ ಮನೆ ವರ್ಷಕ್ಕೆ 40 ಆಣೆಯನ್ನು ಸುಂಕವಾಗಿಯೇ ತೆರುತ್ತಿತ್ತು. ದಿನಕ್ಕೆ ಎರಡಾಣೆ ದುಡಿಯುವ ಕೂಲಿಯವನಾದರೆ ಅದು ಇಪ್ಪತ್ತು ದಿನದ ಕೂಲಿ. ಪಕ್ಕದ ಮನೆಯ ಸಾಹುಕಾರನೂ ಅದೇ 40 ಆಣೆ ಕೊಟ್ಟನು. ಅವನಿಗೆ ಅದು ಒಂದು ಮಧ್ಯಾಹ್ನದ ಬಡ್ಡಿ.

ಎರಡೂವರೆ ರೂಪಾಯಿ ಎಂಬ ಆ ದರ ನಮ್ಮ ಸೀಮೆಗೆ ಬಂದ ಹೊತ್ತನ್ನು ನೆನೆದರೆ ಮನಸ್ಸು ಮುದುಡುತ್ತದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಕ್ಷಾಮದಲ್ಲಿ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳು ಬರಿದಾದವು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ತುಸು ಕಡಿಮೆಯಾಗಿತ್ತು. ಕ್ಷಾಮ ಇನ್ನೂ ಮುಗಿಯದಿದ್ದ ಆ ದಿನಗಳಲ್ಲಿಯೇ, 1877–78ರ ಸಂಧಿಯಲ್ಲಿ, ಮದರಾಸು ಮತ್ತು ಮುಂಬಯಿ ಪ್ರಾಂತಗಳ ಉಪ್ಪಿನ ಸುಂಕವನ್ನು 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಲಾಯಿತು. ಅರ್ಥಸಚಿವ ಜಾನ್ ಸ್ಟ್ರೇಚಿಯವರಿಗೆ ಎರಡು ಉದ್ದೇಶಗಳಿದ್ದವು. ಮುಂದಿನ ಕ್ಷಾಮಗಳಿಗಾಗಿ ಒಂದು ನಿಧಿಯನ್ನು ಕೂಡಿಸುವುದು ಒಂದು. ಇಡೀ ದೇಶದಲ್ಲಿ ಉಪ್ಪಿನ ಸುಂಕವನ್ನು ಸಮೀಪ ಸಮೀಪ ತಂದು, ಸಿಂಧೂ ತೀರದ ಅಟ್ಟಕದಿಂದ ಮಹಾನದಿಯವರೆಗೆ ಮುಳ್ಳುಬೇಲಿ ಬೆಳೆಸಿ ಕಾವಲಿಟ್ಟಿದ್ದ ಒಳನಾಡಿನ ಸುಂಕದ ಗಡಿಯನ್ನು ಕಿತ್ತುಹಾಕುವುದು ಇನ್ನೊಂದು. ಉತ್ತರದಲ್ಲಿಯೂ ಬಂಗಾಳದಲ್ಲಿಯೂ ದರ ತುಸು ಇಳಿಯಿತು, ದಕ್ಷಿಣದಲ್ಲಿ ಏರಿತು. 1879ರಲ್ಲಿ ಬೇಲಿ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಇದು ಸುಧಾರಣೆಯೇ. ಬಳ್ಳಾರಿಯ ಹಳ್ಳಿಯೊಂದರಲ್ಲಿ ಬದುಕಿ ಉಳಿದವರಿಗೆ ತಾವು ಕಾಣದ ಬೇಲಿಯೊಂದರ ಬೆಲೆಯನ್ನು ತಾವು ಕೊಡುತ್ತಿದ್ದೇವೆಂಬುದು ತಿಳಿದಿರಲಿಕ್ಕಿಲ್ಲ.

ಅದೇ 1878ರಲ್ಲಿ ವ್ಯಾಪಾರಸ್ಥರ ಮೇಲೆಯೂ ‘ಲೈಸೆನ್ಸ್ ತೆರಿಗೆ’ ಬಿದ್ದಿತು. ಸೂರತ್ತಿನ ವರ್ತಕರು ಏಪ್ರಿಲ್ ತಿಂಗಳಲ್ಲಿ ಅಂಗಡಿಗಳನ್ನು ಮುಚ್ಚಿದರು, ಮತ್ತೆ ದೊಂಬಿಯಾಯಿತು. ಎರಡೇ ವರ್ಷಗಳಲ್ಲಿ, 500 ರೂಪಾಯಿಗಿಂತ ಕಡಿಮೆ ಆದಾಯದವರನ್ನು ಈ ತೆರಿಗೆಯಿಂದ ಬಿಟ್ಟುಬಿಡಲಾಯಿತು. ಉಪ್ಪಿನ ಹೆಚ್ಚಳ ಮಾತ್ರ ನಾಲ್ಕು ವರ್ಷ ನಿಂತಿತು. ಕೂಡಿಸಿದ ಕ್ಷಾಮ ನಿಧಿಯ ಹಣ ಅಫ್ಘಾನ್ ಯುದ್ಧದ ಖರ್ಚಿನಲ್ಲಿ ಕರಗಿತೆಂಬ ಆಪಾದನೆಯನ್ನು ಲಿಟ್ಟನ್ ಸರ್ಕಾರ ಕಡೆಯವರೆಗೂ ತೊಳೆದುಕೊಳ್ಳಲಾಗಲಿಲ್ಲ. ಅಂಗಡಿಗೆ ಬಾಗಿಲುಂಟು, ಅದನ್ನು ಮುಚ್ಚಿದರೆ ಸರ್ಕಾರಕ್ಕೆ ಕಾಣುತ್ತದೆ. ಒಲೆ ಆರಿದರೆ ಯಾರಿಗೆ ಕಾಣಬೇಕು?

ಇನ್ನು ಉಪ್ಪನ್ನೇ ವೃತ್ತಿಯಾಗಿ ಹೊಂದಿದವರ ಸಂಗತಿ. ಕರಾವಳಿಯಿಂದ ದೂರವಾದ ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಬಡವರು ಬಳಸುತ್ತಿದ್ದದ್ದು ಹೆಚ್ಚಾಗಿ ಮಣ್ಣಿನ ಉಪ್ಪು. ಉಪ್ಪಾರರು ಚೌಳು ನೆಲದ ಮಣ್ಣನ್ನು ಕೆರೆದು ತಂದು, ಎತ್ತರದ ಗುಡ್ಡೆಯ ಮೇಲೆ ಮಾಡಿದ ತೊಟ್ಟಿಯಲ್ಲಿ ಹಾಕಿ ನೀರೆರೆದು, ತಳದ ಹುಲ್ಲಿನ ಮೂಲಕ ಸೋಸಿ ಇಳಿದ ಉಪ್ಪುನೀರನ್ನು ಮಡಿಗಳಲ್ಲಿ ಬಿಸಿಲಿಗೆ ಇಂಗಿಸುತ್ತಿದ್ದರು. ಕಡಲುಪ್ಪಿನಷ್ಟು ಬೆಳ್ಳಗಲ್ಲ, ರುಚಿಯಲ್ಲಿ ಕಹಿ ಇಣುಕುತ್ತಿತ್ತು. ಆದರೆ ಅಗ್ಗ, ಮನೆಬಾಗಿಲಿಗೆ ಬರುತ್ತಿತ್ತು, ದನಗಳಿಗೂ ಹಾಕಬಹುದಿತ್ತು. ಕಡಲುಪ್ಪಿನ ಸುಂಕ ಏರಿದಷ್ಟೂ ಈ ಅಗ್ಗದ ಉಪ್ಪು ಸರ್ಕಾರದ ಕಣ್ಣಿಗೆ ಕಳ್ಳಮಾಲಿನಂತೆ ಕಾಣತೊಡಗಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಪ್ರಾಂತದ ಜಿಲ್ಲೆಗಳಲ್ಲಿ ಅದರ ತಯಾರಿಕೆಯನ್ನು ಹತ್ತಿಕ್ಕಲಾಯಿತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿ ಒಪ್ಪಿಸಿದ ಪತ್ರದಲ್ಲಿಯೂ, ಉಪ್ಪು ಮತ್ತು ಅಫೀಮಿನ ತಯಾರಿಕೆಯನ್ನು ನಿಷೇಧಿಸುವ ಅಥವಾ ಮಿತಿಗೊಳಿಸುವ ವಿಷಯದಲ್ಲಿ ಮಹಾರಾಜರು ಗವರ್ನರ್ ಜನರಲರ ಇಚ್ಛೆಯಂತೆ ನಡೆಯಬೇಕೆಂಬ ಕಲಮು ಇದೆ. ಅಫೀಮಿನ ಜೊತೆಗೆ ಉಪ್ಪು! ಹೀಗೆ ಒಂದು ಕಸುಬು ಕ್ಷೀಣಿಸಿತು. ಉಪ್ಪಾರರಲ್ಲಿ ಹೆಚ್ಚಿನವರು ಗೋಡೆ ಕಟ್ಟುವ, ಮಣ್ಣು ಅಗೆಯುವ ಕೆಲಸಗಳನ್ನೇ ಆಶ್ರಯಿಸಿದರು. ಹೆಸರಿನಲ್ಲಿ ಮಾತ್ರ ಉಪ್ಪು ಉಳಿಯಿತು.

ಗೋವೆಯ ಉಪ್ಪಿಗೂ ಇದೇ ಗತಿ ಬಂದಿತು. ಘಟ್ಟವೇರಿ ಬೆಳಗಾವಿ, ಧಾರವಾಡಗಳಿಗೆ ಬರುತ್ತಿದ್ದ ಆ ಉಪ್ಪನ್ನು ತಡೆಯಲು 1878ರ ಡಿಸೆಂಬರಿನಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವಾಗಿ, ಗೋವೆಯ ಉಪ್ಪಿನಾಗರಗಳು ಆಂಗ್ಲರ ಹತೋಟಿಗೆ ಬಂದವು. ಪ್ರತಿಯಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. 1892ರಲ್ಲಿ ಒಪ್ಪಂದ ಮುರಿದು ಬೀಳುವವರೆಗೆ ಗೋವೆಯವರು ತಮ್ಮ ಕಡಲ ಉಪ್ಪಿಗೆ ಪರರ ಸುಂಕವನ್ನು ತೆತ್ತರು.

ಸುಂಕದ ಏರಿಕೆ ವ್ಯಾಪಾರದ ಆಕಾರವನ್ನೇ ಹೇಗೆ ಬದಲಿಸುತ್ತದೆ ಎಂಬುದನ್ನು ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಊಹಿಸಬಹುದು. ಅಘನಾಶಿನಿಯ ಹಿನ್ನೀರಿನ ಈ ಉಪ್ಪಿನಾಗರಗಳಿಂದ ಎತ್ತಿನ ಮೇಲೆ ಹೇರಿಕೊಂಡು ಲಂಬಾಣಿಗಳು ಘಟ್ಟದ ಮೇಲಕ್ಕೆ ಉಪ್ಪು ಒಯ್ಯುತ್ತಿದ್ದರು, ಬರುವಾಗ ಧಾನ್ಯ ತರುತ್ತಿದ್ದರು. ಆಗರದಲ್ಲಿ ಉಪ್ಪಿನ ಸ್ವಂತ ಬೆಲೆ ಮಣಕ್ಕೆ ಕೆಲವೇ ಆಣೆ. ಸುಂಕವನ್ನು ಮಾತ್ರ ಉಪ್ಪು ಎತ್ತುವ ಮೊದಲೇ ಕಟ್ಟಬೇಕು. ಅಂದರೆ ವರ್ತಕನು ಹಾಕುವ ಬಂಡವಾಳದ ಬಹುಪಾಲು ಸರಕಿಗಲ್ಲ, ಸುಂಕಕ್ಕೆ. ಇಪ್ಪತ್ತು ಎತ್ತಿನ ಲಂಬಾಣಿಗೆ ಅಷ್ಟು ಹಣ ಎಲ್ಲಿಂದ ಬರಬೇಕು? ಸಾಲ ಕೊಡಬಲ್ಲವನು, ಹಣ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡರೂ ತಾಳಬಲ್ಲವನು ಉಪ್ಪಿನ ವ್ಯಾಪಾರಿಯಾದನು. ರೈಲು ಬಂದಮೇಲೆ ಎತ್ತಿನ ದಾರಿ ಹೇಗೂ ಸೊರಗಿತು. ಸುಂಕವು ಅದಕ್ಕೆ ಮೊದಲೇ ಚಿಕ್ಕವರನ್ನು ಸೋಸಿತ್ತು.

ಚಿಲ್ಲರೆ ಅಂಗಡಿಯಲ್ಲಿ ನಡೆಯುತ್ತಿದ್ದದ್ದು ಇನ್ನೂ ಸೂಕ್ಷ್ಮ. ಸುಂಕವು ಮಣಕ್ಕೆ 8 ಆಣೆ ಇಳಿಯಿತೆನ್ನಿ. 8 ಆಣೆಯೆಂದರೆ 96 ಪೈ; ಮಣಕ್ಕೆ 40 ಸೇರು; ಸೇರಿಗೆ ಎರಡೂವರೆ ಪೈಗಿಂತಲೂ ಕಡಿಮೆ. ಕೂಲಿಯ ಹೆಂಗಸು ಸಂಜೆ ಬಂದು ಕೊಳ್ಳುವುದು ಕಾಲು ಸೇರು. ಅವಳಿಗೆ ಸಲ್ಲಬೇಕಾದ ಇಳಿಕೆ ಅರ್ಧ ಪೈಗಿಂತ ತುಸು ಹೆಚ್ಚು. ಅಷ್ಟನ್ನು ಹಿಂದಿರುಗಿಸಲು ನಾಣ್ಯವೇ ಇಲ್ಲ! ಅಂಗಡಿಯವನು ಧರ್ಮಾತ್ಮನಾದರೆ ಒಂದು ಚಿಟಿಕೆ ಹೆಚ್ಚು ಹಾಕುತ್ತಾನೆ, ಇಲ್ಲವಾದರೆ ಇಲ್ಲ. ಏರಿಕೆಯಾದಾಗಲೋ, ಅದೇ ಅರ್ಧ ಪೈ ಒಂದು ಪೈ ಆಗಿಬಿಡುತ್ತದೆ, ಅಥವಾ ಅಳತೆಯ ಮೇಲಿನ ಗೋಪುರ ಸದ್ದಿಲ್ಲದೆ ಸಮತಟ್ಟಾಗುತ್ತದೆ. ಅಂಗಡಿಯವನನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಹಳೆಯ ಸುಂಕ ಕಟ್ಟಿ ಮೂಟೆಗಳನ್ನು ತಂದಿಟ್ಟ ಮರುದಿನವೇ ಸುಂಕ ಇಳಿದರೆ ನಷ್ಟ ಅವನದೇ. 1888ರ ಜನವರಿಯಲ್ಲಿ ಎರಡು ರೂಪಾಯಿಯಿದ್ದ ಸುಂಕವನ್ನು ಆಯವ್ಯಯದ ದಿನಕ್ಕೂ ಕಾಯದೆ ಬರಿಯ ಆಜ್ಞೆಯಿಂದ ಮತ್ತೆ ಎರಡೂವರೆಗೆ ಏರಿಸಿದಾಗ, ಮೊದಲೇ ದಾಸ್ತಾನು ಮಾಡಿದ್ದವನಿಗೆ ರಾತ್ರಿ ಕಳೆಯುವುದರೊಳಗೆ ಮಣಕ್ಕೆ ಅರ್ಧ ರೂಪಾಯಿ ಲಾಭ ಬಂದಿತು. ಆ ಲಾಭಕ್ಕೆ ಅವನು ಬೆವರು ಸುರಿಸಿರಲಿಲ್ಲ.

ಮೀನುಗಾರರ ಕಥೆಯೊಂದು ಮಾತ್ರ ತುಸು ಸಮಾಧಾನ ಕೊಡುತ್ತದೆ. ಮೀನನ್ನು ಒಣಗಿಸಿಡಲು ಉಪ್ಪು ಬೇಕು. ಉಪ್ಪು ಮೀನಿಗಿಂತ ದುಬಾರಿಯಾದರೆ ಹಿಡಿದ ಮೀನು ದಡದಲ್ಲಿಯೇ ಕೊಳೆಯುತ್ತದೆ. ಕರಾವಳಿಯವರು ಉಪ್ಪುಮಣ್ಣನ್ನೇ ಮೀನಿಗೆ ಬಳಸುತ್ತಿದ್ದರು. ಡಾ. ಫ್ರಾನ್ಸಿಸ್ ಡೇ ಅವರ ಪರಿಶೀಲನೆಯ ಬಳಿಕ, 1870ರ ದಶಕದಲ್ಲಿ ಮದರಾಸು ಸರ್ಕಾರವು ಪಡುಗಡಲ ತೀರದಲ್ಲಿ ಮೀನು ಹದಮಾಡುವ ಅಂಗಳಗಳನ್ನು ತೆರೆದು, ಅಲ್ಲಿ ಸುಂಕವಿಲ್ಲದ ಉಪ್ಪನ್ನು ಒದಗಿಸಿತು. ದಕ್ಷಿಣ ಕನ್ನಡದಲ್ಲಿಯೂ ಇಂತಹ ಅಂಗಳಗಳಿದ್ದವು. ಮೀನಿನ ವಾಸನೆಯಿಂದ ದೂರವಿರುವ ಮನೆತನದಲ್ಲಿ ಹುಟ್ಟಿದ ನನಗೆ ಈ ವಿವರ ತಿಳಿದದ್ದು ತಡವಾಗಿ. ಸುಂಕ ಒಂದು ಕಸುಬನ್ನು ಕೊಲ್ಲುತ್ತಿದೆಯೆಂದು ಸರ್ಕಾರ ಒಪ್ಪಿ ತಿದ್ದಿಕೊಂಡ ಅಪರೂಪದ ನಿದರ್ಶನವಿದು. ಆದರೆ ಆ ಉಪ್ಪನ್ನು ಅಂಗಳದ ಹೊರಗೆ ಒಯ್ಯುವಂತಿಲ್ಲ. ಮೀನಿಗೆ ಬಂದ ವಿನಾಯಿತಿ ಮೀನುಗಾರನ ಗಂಜಿಗೆ ಬರಲಿಲ್ಲ.

1902ರ ಮಾರ್ಚಿನಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ತಮ್ಮ ಮೊದಲ ಭಾಷಣ ಮಾಡಿದರು. ಕ್ಷಾಮ ಮತ್ತು ಪ್ಲೇಗಿನಿಂದ ಜನ ನರಳುತ್ತಿರುವಾಗ ಬೊಕ್ಕಸದಲ್ಲಿ ಮಿಗತೆ ಕಾಣುವುದು ಸಮೃದ್ಧಿಯ ಲಕ್ಷಣವಲ್ಲ, ಬೇಕಾದುದಕ್ಕಿಂತ ಹೆಚ್ಚು ತೆರಿಗೆ ಎತ್ತಿದ ಲಕ್ಷಣವೆಂಬುದು ಅವರ ವಾದದ ತಿರುಳು. ಉಪ್ಪಿನ ಸುಂಕ ಅವರ ಎದುರಿಗಿದ್ದ ಮುಖ್ಯ ಸಾಕ್ಷಿ. ಮರುವರ್ಷ ಅದು ಎರಡು ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ ಇಳಿಯಿತು. ಇಳಿದಂತೆಲ್ಲ ಉಪ್ಪಿನ ಬಳಕೆ ಏರಿತು. ಜನ ಅಷ್ಟು ಕಾಲ ಬೇಕಾದಷ್ಟು ಉಪ್ಪು ತಿಂದಿರಲಿಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಡ. 1903ರ ಆಯವ್ಯಯದಲ್ಲಿ ಇನ್ನೊಂದು ಬದಲಾವಣೆಯೂ ಇತ್ತು: ಆದಾಯ ತೆರಿಗೆಯ ವಿನಾಯಿತಿಯ ಮಿತಿ 500 ರೂಪಾಯಿಯಿಂದ 1000ಕ್ಕೆ ಏರಿತು. ಸಣ್ಣ ಅಂಗಡಿಯವನಿಗೂ ಕೂಲಿಯವನಿಗೂ ಒಂದೇ ದಿನ ಬಿಡುಗಡೆ ಸಿಕ್ಕಿದ್ದು ಈ ಇಡೀ ಚರಿತ್ರೆಯಲ್ಲಿ ನನಗೆ ಕಂಡಂತೆ ಆಗ ಮಾತ್ರ.

ಯುದ್ಧದ ಕಾಲದಲ್ಲಿ, 1916ರಲ್ಲಿ, ಸುಂಕ 1 ರೂಪಾಯಿ 4 ಆಣೆಯಾಯಿತು. 1923ರಲ್ಲಿ ಅರ್ಥಸಚಿವ ಬೇಸಿಲ್ ಬ್ಲ್ಯಾಕೆಟ್ ಕೊರತೆ ತುಂಬಲು ಅದನ್ನು ಇಮ್ಮಡಿಗೊಳಿಸಲು ಹೊರಟರು. ತಲೆಗೆ ವರ್ಷಕ್ಕೆ ಕೆಲವೇ ಆಣೆಯಲ್ಲವೇ ಎಂಬುದು ಸರ್ಕಾರದ ಕಡೆಯ ಸಮರ್ಥನೆ. ಶಾಸನಸಭೆ ಒಪ್ಪಲಿಲ್ಲ. ವೈಸರಾಯ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಮರುವರ್ಷ ಹಿಂದಿನ ದರಕ್ಕೇ ಮರಳಬೇಕಾಯಿತು. ಏಳು ವರ್ಷಗಳ ನಂತರ ಗಾಂಧೀಜಿಯವರು ದಾಂಡಿಯ ದಾರಿ ಹಿಡಿದಾಗ ಸುಂಕದ ದರ ಅದರ ಶಿಖರದಲ್ಲೇನೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಜನಸಮೂಹವೂ ಒಂದೂಕಾಲು ರೂಪಾಯಿಯ ಲೆಕ್ಕಕ್ಕಾಗಿ ಬಂದದ್ದಲ್ಲ. 1844ರಿಂದ ಮೂರು ನಾಲ್ಕು ತಲೆಮಾರುಗಳ ಅಡುಗೆಮನೆಗಳಲ್ಲಿ ಕೂಡಿಬಂದ ಲೆಕ್ಕ ಅದು. ಮರುವರ್ಷದ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಕರಾವಳಿಯ ಹಳ್ಳಿಗರಿಗೆ ತಮ್ಮ ಬಳಕೆಗೆ ಉಪ್ಪು ಮಾಡಿಕೊಳ್ಳುವ ಅವಕಾಶ ದೊರೆಯಿತು. ಅದೇ 1931ರ ಕೊನೆಯಲ್ಲಿ ಬಂದ ತುರ್ತು ಆಯವ್ಯಯದಲ್ಲಿ ಉಪ್ಪಿನ ಸುಂಕದ ಮೇಲೆ ಶೇಕಡಾ 25ರಷ್ಟು ಹೆಚ್ಚುವರಿಯೂ ಬಿದ್ದಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಎಣಿಸಿಕೊಂಡಿತು.

ಕೊನೆಗೆ 1947ರ ಫೆಬ್ರವರಿ 28. ಮಧ್ಯಂತರ ಸರ್ಕಾರದ ಅರ್ಥಸಚಿವ ಲಿಯಾಖತ್ ಅಲಿ ಖಾನ್ ಆಯವ್ಯಯ ಮಂಡಿಸಿ, ಏಪ್ರಿಲ್ 1ರಿಂದ ಉಪ್ಪಿನ ಸುಂಕವನ್ನು ಸಂಪೂರ್ಣವಾಗಿ ರದ್ದುಪಡಿಸುವುದಾಗಿ ಸಾರಿದರು. ಬೊಕ್ಕಸಕ್ಕೆ ಆದ ನಷ್ಟ ಸುಮಾರು ಎಂಟು ಕೋಟಿ ರೂಪಾಯಿ. ಅದೇ ಆಯವ್ಯಯದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ವ್ಯಾಪಾರದ ಲಾಭದ ಮೇಲೆ ಶೇಕಡಾ 25ರ ವಿಶೇಷ ತೆರಿಗೆಯೂ ಇತ್ತು. 103 ವರ್ಷಗಳ ಹಿಂದೆ ವರ್ತಕನ ಹೇರಿನಿಂದ ಇಳಿಸಿ ಅಡುಗೆಮನೆಯ ಮೇಲೆ ಇಟ್ಟ ಭಾರವನ್ನು ಎತ್ತಿ ಮತ್ತೆ ವ್ಯಾಪಾರದ ಮೇಲೆ ಇಟ್ಟಂತಾಯಿತು. ಉದ್ಯಮಿಗಳಿಂದ ಭಾರಿ ವಿರೋಧ ಬಂದಿತು. ಇದು ಬಡವರ ಆಯವ್ಯಯವೋ, ಕಾಂಗ್ರೆಸ್ಸಿನ ಬೆನ್ನಿಗಿದ್ದ ಉದ್ಯಮಿಗಳಿಗೆ ಕೊಟ್ಟ ಪೆಟ್ಟೋ ಎಂಬ ಚರ್ಚೆ ಅಂದೇ ಎದ್ದಿತು, ಎರಡರಲ್ಲಿಯೂ ನಿಜವಿದ್ದಿರಬಹುದು. ಕೆಲವೇ ವಾರಗಳಲ್ಲಿ ಲಾಭದ ಮೇಲಿನ ತೆರಿಗೆ ಶೇಕಡಾ ಹದಿನಾರೂ ಮುಕ್ಕಾಲಕ್ಕಿಂತ ತುಸು ಕೆಳಕ್ಕೆ, ಅಂದರೆ ಲಾಭದ ಆರನೆಯ ಒಂದು ಪಾಲಿಗೆ ಇಳಿಯಿತು. ಕೌಟಿಲ್ಯನ ಲವಣಾಧ್ಯಕ್ಷ ಕೇಳಿದ್ದೂ ಆರನೆಯ ಒಂದು ಪಾಲನ್ನೇ. ಇದು ಕಾಕತಾಳೀಯ, ಆದರೂ ಬರೆಯದೆ ಇರಲಾರೆ.

ಉಪ್ಪಿನ ಸುಂಕ ಹಿಂದಿರುಗಲಿಲ್ಲ. 1953ರಲ್ಲಿ ಒಂದು ಅಲ್ಪ ಉಪಕರ ಬಂದಿತಾದರೂ ಅದು ಉಪ್ಪಿನಾಗರಗಳ ಅಭಿವೃದ್ಧಿಯ ಉದ್ದೇಶದ್ದು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗಲೂ ಉಪ್ಪನ್ನು ಶೂನ್ಯದ ಪಟ್ಟಿಯಲ್ಲಿಯೇ ಇಟ್ಟರು. ಸಾಣಿಕಟ್ಟೆಯಲ್ಲಿ ಈಗಲೂ ಮಳೆಗಾಲ ಕಳೆದ ಮೇಲೆ ಗದ್ದೆಗಳಿಗೆ ಉಪ್ಪುನೀರು ಹಾಯಿಸುತ್ತಾರೆ, ಬೇಸಗೆಯಲ್ಲಿ ಬಿಳಿಯ ರಾಶಿಗಳು ಏಳುತ್ತವೆ. ಅಲ್ಲಿಂದ ಲಾರಿಯಲ್ಲಿ ಹೊರಟ ಉಪ್ಪಿನ ಬೆಲೆಯಲ್ಲಿ ಆಗರದವರ ಕೂಲಿ, ಸಾಗಣೆಯ ಖರ್ಚು, ಅಂಗಡಿಯವನ ಲಾಭ ಸೇರುತ್ತವೆ. ಕಟ್ಟೆಯ ಮೇಲಿನವನ ಪಾಲು ಅದರಲ್ಲಿಲ್ಲ.